ದನಿ ಒಡೆದರೆ ಹಾಡು ಮುಗಿಯಿತೇ?

ಏನಕ್ಕಾ, ಮೊಮ್ಮಗ ಸಂಗೀತದ ಪಾಠ ಬಿಟ್ಟುಬಿಟ್ಟನಂತೆ? ದನಿ ಒಡೆದು ದಪ್ಪಗಾಯ್ತು, ಇನ್ನು ಹಾಡೋಕಾಗಲ್ಲ ಅಂತಾನಾ? ಹಾಸನ ಜಿಲ್ಲೇಲಿ ಹುಟ್ಟಿದ ಹುಡುಗ ಆಡೋ ಮಾತಾ ಇದು!

ರಾಮನಾಥಪುರದ ಹತ್ತಿರ, ಕಾವೇರಿ ದಂಡೆಯ ರುದ್ರಪಟ್ಟಣ ಗೊತ್ತಲ್ಲ, ನಮ್ಮ ಅರಕಲಗೂಡು ತಾಲ್ಲೂಕು. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲೇ. ಎಂಥಾ ತುಂಬುಗಂಠ ಅಂತೀರಿ! ಮಂದ್ರಕ್ಕೆ ಇಳಿದರೆ ತಂಬೂರಿಯ ನಾದದಲ್ಲೇ ಬೆರೆತುಹೋಗೋದು. ಮೇಲಕ್ಕೆ ಏರಿದರೂ ಸಾಹಿತ್ಯದ ಒಂದಕ್ಷರ ನುಂಗ್ತಿರಲಿಲ್ಲ. ಆಕಾಶವಾಣಿಯಲ್ಲಿದ್ದಾಗ ರೇಡಿಯೊದಲ್ಲೇ ಪಾಠ ಹೇಳಿದರು. ಅವರು ಒಂದು ಸಾಲು ಹಾಡೋದು, ಶಿಷ್ಯರು ತಿರುಗಿ ಹಾಡೋದು. ಪಾಠಕ್ಕೆ ಗುರುಗಳೇ ಸಿಗದ ಊರಿನವರಿಗೂ ಹೀಗೆ ಕೀರ್ತನೆ ದಕ್ಕಿತು. 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. 2014ರಲ್ಲಿ ಹೋದರು, 90 ದಾಟಿದ ಮೇಲೂ ಕಚೇರಿ ಮಾಡ್ತಿದ್ದರು.

"ಅವರಿಗೆ ದೇವರು ಕೊಟ್ಟ ಕಂಠ ಬಿಡಿ" ಅಂತೀರಾ? ದೇವರು ಕೊಟ್ಟಿದ್ದನ್ನು ಉಳಿಸಿಕೊಳ್ಳೋದೂ ಒಂದು ವಿದ್ಯೆ ಅಕ್ಕ. ಇಟಲಿಯಲ್ಲಿ ಫೆಲಿಚೆ ವರೇಸಿ ಅಂತ ಒಬ್ಬ ಗಾಯಕ ಇದ್ದ. ಅಲ್ಲಿ ಇಂಥ ಗಂಭೀರ ಗಂಡುದನಿಗೆ ಬ್ಯಾರಿಟೋನ್ ಅಂತಾರೆ. ವೆರ್ದಿ ಅನ್ನೋ ಸಂಗೀತಗಾರ ಬರೆದ ಒಪೆರಾಗಳಲ್ಲಿ, ಅಂದರೆ ಹಾಡಿನ ನಾಟಕಗಳಲ್ಲಿ, ಮ್ಯಾಕ್‌ಬೆತ್‌ಗೆ 1847ರಲ್ಲಿ, ರಿಗೊಲೆಟ್ಟೊಗೆ 1851ರಲ್ಲಿ ಮೊದಲ ನಾಯಕ ಅವನೇ. 1853ರಲ್ಲಿ ವೆರ್ದಿಯದೇ ಲಾ ಟ್ರಾವಿಯಾಟಾದಲ್ಲಿ ತಂದೆಯ ಪಾತ್ರಕ್ಕೆ ನಿಂತಾಗ ವಯಸ್ಸು ನಲವತ್ತರ ಆಸುಪಾಸು. ಆಗಲೇ ದನಿ ಸೋತಿತ್ತು. ಮೈಕಿಲ್ಲದ ಕಾಲ. ದೊಡ್ಡ ವಾದ್ಯಮೇಳ ಮೀರಿ ರಂಗಮಂದಿರದ ಹಿಂದಿನ ಸಾಲಿಗೂ ಕೇಳಿಸಬೇಕು. ವೆರ್ದಿಯಂತೂ ಆ ದನಿಯನ್ನು ಮೇಲಿನ ಸ್ವರಗಳಲ್ಲೇ ದುಡಿಸ್ತಿದ್ದ. ಬರೆದ ಶ್ರುತಿಗೆ ಗಂಟಲೇ ಬಗ್ಗಬೇಕು.

ನಮ್ಮಲ್ಲಿ ಹಾಗಲ್ಲ, ಗಂಟಲಿಗೆ ತಕ್ಕ ಶ್ರುತಿ. ಹುಡುಗ ಸೋತಿರೋದು ಅಲ್ಲೇ ಇರಬೇಕು: ಹೆಣ್ಣುಮಕ್ಕಳ ಜತೆ ಐದು ಮನೆ ಶ್ರುತೀಲಿ ಕೂರಿಸಿದರೆ ಪಾಪ, ಎಲ್ಲಿಗೆ ಏರ್ತಾನೆ? ಶ್ರುತಿಪೆಟ್ಟಿಗೆಯನ್ನ ಒಂದು ಮನೆಗೋ ಒಂದೂವರೆಗೋ ಇಳಿಸಿಕೊಡಿ ಅಂತ ಮೇಷ್ಟ್ರನ್ನ ಕೇಳಿ. ದನಿ ಕುದುರೋವರೆಗೆ ಕಿರುಚೋದು ಬೇಡ. ಬೆಳಿಗ್ಗೆ ಎದ್ದು ಮಂದ್ರದ ಸ್ವರಗಳನ್ನ ನಿಧಾನವಾಗಿ ಹಿಡಿದು ನಿಲ್ಲಿಸಲಿ, ಸರಳೆ ವರಸೆ ಸಾಕು.

ಭಾನುವಾರ ಅವನನ್ನ ನನ್ನ ಜತೆ ಕಳಿಸಿ. ರುದ್ರಪಟ್ಟಣದಲ್ಲಿ ತಂಬೂರಿ ಆಕಾರದಲ್ಲೇ ಮಂದಿರ ಕಟ್ಟಿಸಿದ್ದಾರಲ್ಲ ಗಾಯಕ ಆರ್.ಕೆ. ಪದ್ಮನಾಭ ಅವರು, ತೋರಿಸ್ತೀನಿ. ದಾರಿ ಉದ್ದಕ್ಕೂ ಕಾರಲ್ಲಿ ಶ್ರೀಕಂಠನ್ ಹಾಡು ಹಾಕ್ತೀನಿ. ಒಡೆದದ್ದು ಮಗುವಿನ ದನಿ, ಗಂಡಸಿನ ದನಿ ಈಗ ಹುಟ್ಟಿದೆ ಅನ್ನೋದು ಅವನ ಕಿವಿಗೇ ತಿಳೀಲಿ.