ಆಕಳ ಹಿಂದೆ ಕರು

ಕ್ರೆಡಿಟ್ ಕಾರ್ಡಿನ ಎರಡೂ ಬದಿ ಜೆರಾಕ್ಸ್ ತೆಗೆಸಿ, ಅಡ್ಡ ಸಹಿ ಹಾಕಿ, ಕೆಳಗೆ ‘ಸ್ವಯಂ ದೃಢೀಕರಿಸಲಾಗಿದೆ’ ಎಂದು ದುಂಡಗೆ ಬರೆದುಕೊಟ್ಟ ಮನುಷ್ಯ ವಿಜಯಪುರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇನ್ನೊಬ್ಬರಿದ್ದರೆ ಕೈ ಎತ್ತಿರಿ, ಕೂಡಿ ಚಹಾ ಕುಡಿಯೋಣ.

ಮೂವತ್ತೊಂದು ವರ್ಷ ಸಮಾಜ ವಿಜ್ಞಾನದ ಮಾಸ್ತರಿಕೆ ಮಾಡಿದವನಿಗೆ ಕೈಗೆ ಸಿಕ್ಕ ಕಾಗದಕ್ಕೆಲ್ಲ ಸಹಿ ಹಾಕುವ ಚಟ. ನಮ್ಮೂರು ಇಂಡಿಯ ಬಸ್ ಸ್ಟ್ಯಾಂಡ್ ಹತ್ತಿರ ದೊಡ್ಡ ಕೊಡೆಯ ಕೆಳಗೆ ಟೇಬಲ್ ಹಾಕಿ ಕೂತಿದ್ದ ಟೈ ಕಟ್ಟಿದ ಹುಡುಗ, ‘ಸರ್, ಕಡಿಮಿ ಬಡ್ಡಿ ಸಾಲ, ಬರೇ ಕೆವೈಸಿ ಕೊಡ್ರಿ ಸಾಕು’ ಅಂದ. ನನಗೆ ಸಾಲ ಬೇಕಿರಲಿಲ್ಲ. ಆದರೆ ‘ಸರ್’ ಅಂದನಲ್ಲ! ನಿವೃತ್ತಿಯಾದ ಮೇಲೆ ಆ ಶಬ್ದ ಕಿವಿಗೆ ಬಿದ್ದು ಬಹಳ ದಿನವಾಗಿತ್ತು. ಆಧಾರ್, ಪ್ಯಾನ್, ಮೂರು ಫೋಟೋ ಕೊಟ್ಟೆ. ಅವನು ಕೇಳಿದ್ದು ಅಷ್ಟೇ. ಕಾರ್ಡಿನ ಜೆರಾಕ್ಸನ್ನು ಮೇಲೆ ಇಟ್ಟಿದ್ದು ನಾನೇ, ನಾನು ಎಂಥವನೆಂದು ಇವನಿಗೂ ಗೊತ್ತಾಗಲಿ ಎಂದು. ಅವನಿಗೋ, ಆ ಕಾಗದ ಮುಂದೆ ಯಾರ ಕೈಗೆ ಹೋಯಿತೋ ಅವರಿಗೋ, ಒಟ್ಟಿನಲ್ಲಿ ಗೊತ್ತಾಯಿತು.

2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಪರದೇಶದ ಬಾಗಿಲು ಹಾಕಿಕೊಂಡೇ ಬರುತ್ತವೆ, ಬೇಕಾದವರು ತಾವೇ ತೆಗೆದುಕೊಳ್ಳಬೇಕು. ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಗುಂಡಿ ಕಂಡಾಗ, ಸೊಲ್ಲಾಪುರದ ಆಚೆ ಕಾಲಿಡದ ನಾನು ಅದನ್ನು ಒತ್ತಿಬಿಟ್ಟಿದ್ದೆ. ನಮ್ಮಲ್ಲಿ ಕಾರ್ಡಿನ ಮೇಲೆ ಆನ್‌ಲೈನ್ ಖರೀದಿ ಮಾಡಬೇಕಾದರೆ ಓಟಿಪಿ ಬೇಕು. ಹೊರದೇಶದ ಎಷ್ಟೋ ಅಂಗಡಿಗಳಿಗೆ ಅದರ ಗೊಡವೆಯೇ ಇಲ್ಲ. ಕಾರ್ಡಿನ ನಂಬರು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರು ಅಂಕಿ ಇದ್ದರೆ ವ್ಯಾಪಾರ ಕುದುರಿತು. ಮೂರನ್ನೂ ನಾನು ದೃಢೀಕರಿಸಿಯೇ ಕೊಟ್ಟಿದ್ದೆ.

ಮೊದಲ ರಾತ್ರಿ ಒಂದು ಡಾಲರ್ ಹೋಯಿತು.

‘ಅಲ್ರೀ, ನಿಮಗ್ಯಾಕ ಡಾಲರ್ ಬೇಕಾತು?’ ಅಂದಳು ಹೆಂಡತಿ.

‘ಬ್ಯಾಂಕಿನವ್ರು ಏನರ ಹಿಡದಿರಬೇಕು ಬಿಡ.’

ಬಾವಿಗಿಳಿಯುವ ಮುಂಚೆ ಕಳ್ಳ ಕಲ್ಲು ಒಗೆದು ಆಳ ನೋಡಿದ್ದ. ಮಾರನೇ ನಸುಕಿನಲ್ಲಿ ನಿಂಬೆ ತೋಟಕ್ಕೆ ಹೊರಟವನು ಮೊಬೈಲ್ ನೋಡಿದರೆ ಮೂರು ಮೆಸೇಜು. ಒಟ್ಟು 31,400 ರೂಪಾಯಿ. ಆ ವರ್ಷ ನಿಂಬೆ ನನಗೆ ಅಷ್ಟು ಕೊಟ್ಟಿರಲಿಲ್ಲ.

ಇಲ್ಲಿಯವರೆಗಿನದು ಯಾರಿಗಾದರೂ ಆಗಬಹುದು. ಮುಂದಿನದು ಪೂರ್ತಿ ನನ್ನ ಸ್ವಂತ ಕರ್ತೃತ್ವ. ಕಾರ್ಡಿನ ಹಿಂದೆಯೇ ಬ್ಯಾಂಕಿನ ನಂಬರು ಅಚ್ಚಾಗಿದೆ. ಆ ಸಣ್ಣ ಅಕ್ಷರ ಓದಲು ಕನ್ನಡಕ ಬೇಕು, ಕನ್ನಡಕ ಒಳಗಿದೆ ಎಂದು ಮೊಬೈಲಿನಲ್ಲಿ ‘ಕಸ್ಟಮರ್ ಕೇರ್’ ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದರು! ಬ್ಯಾಂಕಿನವರು ಒಂದೇ ರಿಂಗಿಗೆ ಎತ್ತುತ್ತಾರೆಯೇ ಎಂಬ ಸಂಶಯ ಆಗಲೇ ಬರಬೇಕಿತ್ತು. ನನಗೆ ಬಂದದ್ದು ಕೃತಜ್ಞತೆ. ಆ ಪುಣ್ಯಾತ್ಮ ಹಿಂದಿಯಲ್ಲಿ ನನ್ನನ್ನು ಸಮಾಧಾನ ಮಾಡಿ, ಕಾರ್ಡಿನ ವಿವರ ಬರೆದುಕೊಂಡು, ‘ಹಣ ವಾಪಸ್ ಹಾಕಲು ಒಂದು ಓಟಿಪಿ ಬರುತ್ತದೆ, ಹೇಳಿ’ ಅಂದ. ಉಕ್ತಲೇಖನ ಕೊಡುವ ಧಾಟಿಯಲ್ಲಿ ಆರೂ ಅಂಕಿಗಳನ್ನು ಎರಡೆರಡು ಸಲ ಹೇಳಿದೆ. ಅಂಕಿಗಳ ಕೆಳಗೆ ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಸಾಲಿತ್ತು. ಏನೂ ಬಿಟ್ಟುಹೋಗಬಾರದೆಂದು ಅದನ್ನೂ ಓದಿದೆ. ‘ಬಹುತ್ ಅಚ್ಛಾ ಸರ್ ಜೀ’ ಅಂದ. 8,999 ರೂಪಾಯಿ ಹೋಯಿತು.

ನಾನು ಹುಟ್ಟಿದ್ದು ಬಸವನ ಬಾಗೇವಾಡಿ ತಾಲೂಕಿನಲ್ಲಿ. ಕಳ್ಳರು ಆಕಳು ಹೊಡೆದುಕೊಂಡು ಹೋದಾಗ, ಕರು ಇಲ್ಲದೆ ತಾಯಿ ಒದ್ದಾಡುತ್ತದೆಂದು ಬಸವಣ್ಣ ಕರುಗಳನ್ನೂ ಹಿಂದೆ ಕಳಿಸಿದ ಕತೆ ಕೇಳುತ್ತ ಬೆಳೆದವನು. ಬಸವಣ್ಣ ಹಾಗೆ ಮಾಡಿದ್ದು ಕರುಣೆಯಿಂದ. ನಾನು ಮಾಡಿದ್ದು ಕನ್ನಡಕ ಇಲ್ಲದ್ದರಿಂದ. ಆತ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನೇ ನೋಡಿಕೊಂಡವನು, ಅದೇ ತಾಲೂಕಿನ ನನ್ನಿಂದ ಅಂಗೈ ಅಗಲದ ಒಂದು ಕಾರ್ಡು ನೋಡಿಕೊಳ್ಳಲಾಗಲಿಲ್ಲ.

ಪುಣೆಯಿಂದ ಮಗಳು ಫೋನಿನಲ್ಲೇ ಚೀರಿದಳು: ‘ಅಪ್ಪಾ, ಮೊದಲ ಕಾರ್ಡ್ ಬಂದ್ ಮಾಡಿಸು, ಆಮ್ಯಾಲ 1930ಕ್ಕ ಹಚ್ಚು!’ 1930 ಸೈಬರ್ ವಂಚನೆಯ ಸಹಾಯವಾಣಿ. ಉಪ್ಪಿನ ಸತ್ಯಾಗ್ರಹದ ಇಸವಿ! ಪ್ರತಿ ವರ್ಷ ಮಕ್ಕಳಿಂದ ಹತ್ತು ಸಲ ಬರೆಸಿದ ಸಂಖ್ಯೆ ಬೇಕಾದ ಹೊತ್ತಿಗೆ ನನಗೇ ನೆನಪಾಗಲಿಲ್ಲ.

ಕಾರ್ಡು ಬಂದ್ ಆಯಿತು, ದೂರು ದಾಖಲಾಯಿತು. ಉಳಿದದ್ದು ಬ್ಯಾಂಕಿಗೆ ಹೋಗಿ ನಾನು ನಾನೇ ಎಂದು ತೋರಿಸುವುದು. ನೌಕರಿ ನನ್ನನ್ನು ಜಿಲ್ಲೆಯ ತುಂಬ ಹರವಿತ್ತು. ಖಾತೆ ಮೊದಲು ನೌಕರಿಗೆ ಸೇರಿದ ಮುದ್ದೇಬಿಹಾಳದಲ್ಲಿ, ಕಾರ್ಡಿನ ವಿಳಾಸ ಬಾಡಿಗೆಗಿದ್ದ ಸಿಂದಗಿಯಲ್ಲಿ, ಶಾಲೆಯ ದಾಖಲೆ ಬಾಗೇವಾಡಿ ಕಡೆ, ದೇಹ ಇಂಡಿಯಲ್ಲಿ. ‘ನೀವ್ ಒಬ್ರ ಹೋಗೂದು ಬ್ಯಾಡ, ನೀವೂ ಎಲ್ಲೆರ ಕಳದೀರಿ’ ಎಂದು ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಜೊತೆಗೆ ಬಂದಳು.

ಮುದ್ದೇಬಿಹಾಳದ ಶಾಖೆಯಲ್ಲಿ ಹುಡುಗಿಯೊಬ್ಬಳು ಬೆರಳಚ್ಚಿನ ಯಂತ್ರ ಮುಂದಿಟ್ಟಳು. ಹೆಬ್ಬೆರಳು ಒತ್ತಿದೆ. ಕೆಂಪು ದೀಪ. ಒರೆಸಿ ಒತ್ತಿದೆ. ಕೆಂಪು. ‘ತಲಿಗೆ ತಿಕ್ಕಿ ಒತ್ರಿ ಸರ, ಎಣ್ಣಿ ಹತ್ತತೈತಿ’ ಅಂದಳು. ತಲೆಯಲ್ಲಿ ಕೂದಲೇ ಇಲ್ಲ, ಎಣ್ಣೆ ಎಲ್ಲಿಂದ ಬರಬೇಕು? ಹೆಂಡತಿ ತನ್ನ ತಲೆ ಮುಂದೆ ಮಾಡಿದಳು. ಇಡೀ ಬ್ಯಾಂಕು ನೋಡುತ್ತಿರುವಾಗ ಅವಳ ಬೈತಲೆಗೆ ಬೆರಳು ಸವರಿ ಒತ್ತಿದೆ. ಆಗಲೂ ಕೆಂಪು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತು ಎತ್ತಿ, ನಕಲಿ ಬೆರಳು ಮಾಡಿ, ಆಧಾರ್ ಮೂಲಕ ಜನರ ಖಾತೆ ಬಳಿದ ದೂರುಗಳು ಬಂದಿದ್ದವು. ಅಂಟಿನಲ್ಲಿ ಮಾಡಿದ ಬೆರಳನ್ನು ಯಂತ್ರ ಒಪ್ಪಿತ್ತು. ರಕ್ತ ಹರಿಯುವ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಸವೆದ ಬೆರಳು ಸಂಶಯಾಸ್ಪದ.

ಹೆಸರೂ ಕೈಕೊಟ್ಟಿತು. ಇಂಗ್ಲಿಷಿನಲ್ಲಿ ಬರೆಯುವಾಗ ಆಧಾರಿನಲ್ಲಿ ‘ಡಬ್ಲ್ಯೂ’, ಪ್ಯಾನಿನಲ್ಲಿ ‘ವಿ’. ‘ಇಬ್ರೂ ಬ್ಯಾರೆ ಬ್ಯಾರೆ ಮನಷ್ಯಾರ ಆಗ್ತಾರ್ರೀ ಸರ’ ಅಂದರು ಮ್ಯಾನೇಜರ್. ಶಾಲೆ ಬಿಟ್ಟ ದಾಖಲೆ ತರಲು ಬಾಗೇವಾಡಿ ಕಡೆಗೆ ಓಡಿದೆವು. ಅದರಲ್ಲಿ ಮೂರನೆಯ ಕಾಗುಣಿತವಿತ್ತು. ಕಳ್ಳನಿಗೆ ಯಾವ ಅಡಚಣೆಯೂ ಆಗಲಿಲ್ಲ ನೋಡಿ, ಅವನು ಕಾರ್ಡಿನಲ್ಲಿದ್ದಂತೆ ಬರೆದ. ನಮ್ಮ ಇಂಡಿ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಬೇರೆ ಊರಿನ ಕಾಯಿ ಆ ಹೆಸರು ಹೇಳಿಕೊಂಡು ಓಡಾಡುವಂತಿಲ್ಲ. ತೋಟದ ಕಾಯಿಗಿರುವ ಭದ್ರತೆ ತೋಟದ ಯಜಮಾನನಿಗಿಲ್ಲ. ಕೊನೆಗೆ ಅಫಿಡವಿಟ್ ಮಾಡಿಸಿದ ಮೇಲೆ ನಾವು ಮೂವರೂ ಒಬ್ಬನೇ ಆದೆವು.

ಮ್ಯಾನೇಜರ್ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತೆಗೆದರು. ಅದರ ಪ್ರಕಾರ, ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ಜೆರಾಕ್ಸಿನ ಕತೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಡತಿ ಬಾಯಿ ತೆಗೆಯುವಷ್ಟರಲ್ಲಿ ಅವಳಿಗೆ ನೀರಿನ ಬಾಟಲಿ ಕೊಟ್ಟೆ. ಓಟಿಪಿ ಹೇಳಿ ಕಳೆದುಕೊಂಡದ್ದಕ್ಕೆ ಮಾತ್ರ ಸುತ್ತೋಲೆಯಲ್ಲಿ ಕರುಣೆಯಿಲ್ಲ. ಆಕಳು ತಿರುಗಿ ಬಂತು. ಕರು ಹೋಯಿತು.

ಹೊಸ ಕಾರ್ಡು ನೇಮದಂತೆ ಸಿಂದಗಿಯ ಹಳೆಯ ಬಾಡಿಗೆ ಮನೆಗೆ ಹೋಗಿತ್ತು. ಈಗ ಅಲ್ಲಿರುವವರು ಒಳ್ಳೆಯವರು, ಲಕೋಟೆ ಒಡೆಯದೆ ಇಟ್ಟಿದ್ದರು. ಕೊಡುವಾಗ, ‘ನೀವ ಹೌದಲ್ರೀ?’ ಎಂದು ಕೇಳಿದರು. ಹೆಂಡತಿಯ ಮುಖ ನೋಡಿ, ಹೌದು ಅಂದೆ.

ತಿರುಗಿ ಬರುವಾಗ ಬಸ್ ಸ್ಟ್ಯಾಂಡ್ ಮುಂದೆ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಕಲ್ಲುಬೆಂಚಿನ ಮೇಲೆ ಕೂತೆವು. ಪೊಟ್ಟಣ ಬಿಚ್ಚಿದರೆ ಅದು ಯಾರದೋ ಆಧಾರ್ ಕಾರ್ಡಿನ ಜೆರಾಕ್ಸು. ಎಣ್ಣೆ ಕುಡಿದು ಮುಖ ಪಾರದರ್ಶಕವಾಗಿತ್ತು. ಕೆಳಗೆ ಅಡ್ಡ ಸಹಿ, ‘ಸ್ವಯಂ ದೃಢೀಕರಿಸಲಾಗಿದೆ’. ಅಕ್ಷರ ದುಂಡಗಿತ್ತು, ಮಾಸ್ತರನೇ ಇರಬೇಕು ಪಾಪ. ಈ ಸಲ ಕನ್ನಡಕ ಕಿಸೆಯಲ್ಲೇ ಇತ್ತು. ಹಾಕಿಕೊಂಡು ಹನ್ನೆರಡು ಅಂಕಿಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದತೊಡಗಿದೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನಾಲ್ಕನೆಯ ಅಂಕಿಗೆ ಬರುವಷ್ಟರಲ್ಲಿ ಹೆಂಡತಿ ಒಂದಿಡೀ ಮಿರ್ಚಿ ನನ್ನ ಬಾಯಿಗೆ ತುರುಕಿದಳು.