ಧ್ರುವೀಕರಣದ ಆರೋಪ: ಬೆಳಕಿನ ಸ್ಪಷ್ಟನೆ

‘ತಾವು ಧ್ರುವೀಕರಣ ಮಾಡುತ್ತೀರಿ ಅನ್ನುವ ಆರೋಪ ಇದೆಯಲ್ಲ?’ ವರದಿಗಾರ ಮೊದಲ ಪ್ರಶ್ನೆಯನ್ನೇ ಖಾರವಾಗಿ ಎಸೆದ.

ಎದುರಿಗಿದ್ದದ್ದು ವೃತ್ತ ಧ್ರುವೀಕೃತ ಬೆಳಕು. ಕೂತಿತ್ತು ಎನ್ನುವಂತಿಲ್ಲ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವವರು ಕೂರುವುದುಂಟೇ? ‘ಮಾಡಿದ್ದು ನನ್ನ ದಾರಿಯಲ್ಲಿಟ್ಟ ಫಲಕಗಳು ಸ್ವಾಮಿ, ನಾನಲ್ಲ. ಅವು ಹೇಳಿದತ್ತ ಸುತ್ತಿಕೊಂಡು ಹೋಗುತ್ತೇನೆ, ಎಡಕ್ಕೋ ಬಲಕ್ಕೋ. ಬಣ್ಣ ಬದಲಾದರೂ ಸುತ್ತು ಕೆಡದ ಫಲಕಜೋಡಣೆಯನ್ನು 1955ರಲ್ಲಿ ತೋರಿಸಿದ್ದು ನಿಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪಂಚರತ್ನಂ. ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ.’

‘ಅಣುಗಳೆಲ್ಲ ತಮ್ಮ ಮಾತು ಕೇಳುತ್ತವಂತೆ?’

‘ಎಲ್ಲಿ ಬಂತು! ನನ್ನ ಒಂದು ಸುತ್ತಿಗೆ ನೂರಾರು ನ್ಯಾನೋಮೀಟರ್ ಬೇಕು, ಅಣು ಇರುವುದು ಒಂದರಷ್ಟು. ಆನೆ ಸೊಂಡಿಲು ತಿರುಗಿಸಿದ್ದು ಇರುವೆಗೆ ತಿಳಿದೀತೇ? 1971ರಲ್ಲಿ ಫ್ರಾನ್ಸಿನ ಕಗಾನ್ ತಂಡ ನನ್ನನ್ನು ಹಾಯಿಸಿ ಹೆಲಿಸೀನ್ ಎಂಬ ಸುರುಳಿ ಅಣು ತಯಾರಿಸಿತು. ಎಡ–ಬಲದ ಅಂತರ ನೂರಕ್ಕೆ ಒಂದೂ ಬರಲಿಲ್ಲ. ಠೇವಣಿ ಹೋಯಿತು.’

ಇಷ್ಟು ಸತ್ಯ ಹೇಳುವ ಅಭ್ಯರ್ಥಿಯನ್ನು ವರದಿಗಾರ ಹಿಂದೆ ಕಂಡಿರಲಿಲ್ಲ. ‘ಮತ್ತೆ ಪಾಲಿಮರ್ ಸರಪಳಿಯನ್ನೇ ಬಲಮುರಿ, ಎಡಮುರಿ ಮಾಡಿದ್ದು?’

ಬೆಳಕು ದನಿ ತಗ್ಗಿಸಿತು. ‘ಅದು ಸದನದ ಗುಣ. ನ್ಯೂಯಾರ್ಕಿನ ಮಾರ್ಕ್ ಗ್ರೀನ್ ಅವರ ಪಾಲಿಐಸೋಸಯನೇಟ್ ಸರಪಳಿ ಸುರುಳಿಯಾಗಿಯೇ ಇರುತ್ತದೆ. ನಡುವೆ ದಿಕ್ಕು ಬದಲಿಸುವುದು ಅದಕ್ಕೆ ಬಲು ದುಬಾರಿ. ಅದಕ್ಕೇ ನೂರು ಕೊಂಡಿಗಳಲ್ಲಿ ಬಲದವರು 56, ಎಡದವರು 44 ಇದ್ದರೂ ಸರಪಳಿ ಪೂರ್ತಿ ಬಲದ್ದೇ ಅನ್ನುವ ಹಾಗೆ ಸುತ್ತುತ್ತದೆ. 51–49 ಆದರೂ ಪರಿಣಾಮದ ಮೂರನೇ ಒಂದು ಭಾಗ ಕೈಗೆ ಬರುತ್ತದೆ. 1995ರಲ್ಲಿ ಇದಕ್ಕೆ ಅವರಿಟ್ಟ ಹೆಸರೇ ಬಹುಮತದ ಆಳ್ವಿಕೆ.’

‘ರೆಸಾರ್ಟ್?’

‘ಬೇಕಿಲ್ಲ. ಅಲ್ಪಮತದವರು ಕೂತಲ್ಲೇ ತಿರುಗುತ್ತಾರೆ.’

2000ದ ಪ್ರಯೋಗ ಇನ್ನೂ ರಂಜನೀಯ. ಗ್ರೀನ್, ಶುಸ್ಟರ್ ಮತ್ತು ಸಂಗಡಿಗರು ಸರಪಳಿಗೆ ಬೆಳಕು ಬಿದ್ದರೆ ಎಡ–ಬಲ ಬದಲಿಸಬಲ್ಲ ಗುಂಪುಗಳನ್ನು ತೂಗುಹಾಕಿದರು. ‘ಒಂದು ಬಣದವರು ನನ್ನನ್ನು ತುಸು ಹೆಚ್ಚು ನುಂಗುತ್ತಾರೆ. ನುಂಗಿದವರು ಪಕ್ಷ ಬಿಡುತ್ತಾರೆ, ನುಂಗದವರು ಉಳಿಯುತ್ತಾರೆ. ಕೂದಲೆಳೆಯ ಬಹುಮತ ಸಿಕ್ಕರೆ ಸಾಕು, ಉಳಿದದ್ದನ್ನು ಸರಪಳಿ ನೋಡಿಕೊಳ್ಳುತ್ತದೆ. ನನ್ನ ಸುತ್ತು ಬದಲಿಸಿದರೆ ಸುರುಳಿಯೂ ಉಲ್ಟಾ.’

ತಿಂದವರು ಪಕ್ಷ ಬಿಡುವ ಸಂಗತಿ ವರದಿಗಾರನಿಗೆ ಹೊಸದೇನಾಗಿರಲಿಲ್ಲ. ‘ಕೊನೆಯ ಪ್ರಶ್ನೆ. ತಮ್ಮ ಸ್ವಂತ ಒಲವು?’

‘ಬಲಕ್ಕೇ. ಅದು ನನ್ನ ಅಚಲವಾದ—’

ಅಷ್ಟರಲ್ಲಿ ಪ್ರಯೋಗಾಲಯದಲ್ಲಿ ಯಾರೋ ಫಲಕವನ್ನು 90 ಡಿಗ್ರಿ ತಿರುಗಿಸಿದರು. ಬೆಳಕು ಮಾತು ಮುಗಿಸದೆ ಎಡಕ್ಕೆ ಸುತ್ತಿಕೊಂಡು ಹೊರಟಿತು.