ಜಿಪ್ಸಿ ಎದ್ದು ನಿಂತ ಮೇಲೆ

ಪಕ್ಕದ ಮನೆಯ ಕಾಕಾ ಬೈಲಹೊಂಗಲದ ಕಡೆಯವರು, ನಾನು ಧಾರವಾಡದವನು. ಪುಣೆಯ ವಿಮಾನ ನಗರದಲ್ಲಿ ನಮ್ಮಿಬ್ಬರ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯೊಂದೇ ಅಡ್ಡ. ಲೋಹೆಗಾಂವದ ವಾಯುನೆಲೆಯಿಂದ ಸುಖೋಯ್ ಎದ್ದರೆ ಅದು ದಾಟಿ ಹೋಗುವ ತನಕ ಇಬ್ಬರೂ ಸುಮ್ಮನಿರುತ್ತೇವೆ, ಆಮೇಲೆ ಬಿಟ್ಟಲ್ಲಿಂದ ಮಾತು ಮುಂದುವರಿಯುತ್ತದೆ. ಈಗ ಕೆಲವು ವಾರಗಳಿಂದ ಮಾತೆಲ್ಲ ಕಾಕಾನ 1998ರ ಜಿಪ್ಸಿ ಕಿಂಗ್ ಬಗ್ಗೆಯೇ.

“ಎರಡಿಂಚು ಎತ್ತರ ಮಾಡಿಸೀನಿ. ಅರವತ್ತರ ಮ್ಯಾಲೆ ಹೋದ್ರ ಗಡಗಡ ನಡಗತೈತಿ. ಸ್ಟೇರಿಂಗೂ ಸೊಟ್ಟ ನಿಂತೈತಿ. ಗ್ಯಾರೇಜಿನಾಂವ ಅಂತಾನ, ಸ್ಪ್ರಿಂಗಿನ ಹೊಸಾ ಪ್ಲೇಟ್ ಕೂಡೂಮಟ ಹಿಂಗ ಇರತೈತಿ ಅಂತ.”

“ಪ್ಲೇಟು ಒಂದೀಟು ಕೂಡತಾವ ಕಾಕಾ, ಖರೆ. ಆದ್ರ ನಡಗೂದು ಪ್ಲೇಟಿನಿಂದಲ್ಲ.”

ಎತ್ತರಿಸಿದ ಗಾಡಿ ತಕರಾರು ಮಾಡಿದರೆ ಎಲ್ಲರ ಕಣ್ಣೂ ಹೊಸದಾಗಿ ಹಾಕಿದ ಸಾಮಾನಿನ ಮೇಲೆಯೇ ಬೀಳುತ್ತದೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಹಳೆಯದನ್ನು, ಯಾರೂ ಕೈ ಹಚ್ಚದೇ ಬಿಟ್ಟದ್ದನ್ನು. ಚಾಸಿ ಮೇಲೆ ಹೋಯಿತು, ಆಕ್ಸಲ್ ಇದ್ದಲ್ಲೇ ಉಳಿಯಿತು. ಇವೆರಡರ ನಡುವೆ ಹಾಯುವ ಪ್ರತಿಯೊಂದು ಶಾಫ್ಟ್, ರಾಡ್, ಪೈಪು ಹಳೆಯ ಅಳತೆಯದೇ. ಅವು ಎಲ್ಲಿಗೆ ಎಟುಕಬೇಕು?

ಜಿಪ್ಸಿ 1985ರ ಕೊನೆಗೆ ಬಂದ ಗಾಡಿ. ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಇಷ್ಟು ಸರಳವಾದದ್ದಕ್ಕೇ ಸೈನ್ಯ ಅದನ್ನು ಅಷ್ಟು ವರ್ಷ ಇಟ್ಟುಕೊಂಡಿತು. ಕಾಕಾನ ಗಾಡಿಗೆ ಗ್ಯಾರೇಜಿನವನು ಒಂದೊಂದು ಪ್ಲೇಟ್ ಹೆಚ್ಚಿಗೆ ಸೇರಿಸಿ, ಉದ್ದನೆಯ ಶ್ಯಾಕಲ್ ಹಾಕಿದ್ದಾನೆ. ಶ್ಯಾಕಲ್, ಅಂದರೆ ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಕೊಂಡಿ, ಇರುವುದು ಸ್ಪ್ರಿಂಗಿನ ಒಂದೇ ತುದಿಗೆ. ಅದನ್ನು ಎರಡು ಇಂಚು ಉದ್ದ ಮಾಡಿದರೆ ನಡುವೆ ಕೂತ ಆಕ್ಸಲ್ ಹತ್ತಿರ ಗಾಡಿ ಏಳುವುದು ಸುಮಾರು ಒಂದೇ ಇಂಚು. ಅದರ ಜೊತೆಗೆ ಆಕ್ಸಲ್ ತುಸು ಉರುಳುತ್ತದೆ. ಹಿಂದಿನ ಹೌಸಿಂಗಿನ ಮೂತಿ, ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವ ಜಾಗ, ಮೇಲಕ್ಕೆ ಬಾಗುತ್ತದೆ. ನಡುಕಕ್ಕೆ ಮೊದಲ ಗುಮಾನಿ ನನಗಿದ್ದದ್ದು ಇದರ ಮೇಲೆಯೇ.

ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟ್ ಬಾಗಿ ನಿಂತರೆ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಓಡುತ್ತದೆ, ಎರಡು ಸಲ ಹಿಂಜರಿಯುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟೂ ಅಷ್ಟೇ ಕೋನದಲ್ಲಿದ್ದರೆ ಈ ಏರಿಳಿತವನ್ನು ಅದು ಅಳಿಸಿಹಾಕುತ್ತದೆ. ಅದಕ್ಕಾಗಿಯೇ ಎರಡೂ ತುದಿಯ ಫ್ಲೇಂಜುಗಳು ಒಂದಕ್ಕೊಂದು ಸಮಾಂತರ ಇರಬೇಕು, ಶಾಫ್ಟಿನ ಎರಡೂ ಕವಲುಗಳು ಒಂದೇ ಸಾಲಿನಲ್ಲಿರಬೇಕು.

ಯಾವ ಶಾಫ್ಟ್ ಎಂದು ತಿಳಿಯಲು ಹಿಂದಿನದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಫೋರ್ ವೀಲ್ ಹಾಕಿ ಮುಂದಿನ ಗಾಲಿಗಳ ಮೇಲೆಯೇ ಗಾಡಿ ಓಡಿಸಿ ಎಂದೆ. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಕಾಕಾ ಓಡಿಸಿದರು, ನಡುಕ ಮಾಯ. ಬಿಚ್ಚಿಟ್ಟ ಶಾಫ್ಟನ್ನು ಗೋಡೆಯ ಮೇಲೆ ಮಲಗಿಸಿ ನೋಡಿದೆವು. ಗ್ರೀಸ್ ಒರೆಸಿದ ಮೇಲೆ ಸ್ಪಷ್ಟವಾಯಿತು: ಈ ತುದಿಯ ಕವಲು ನೆಟ್ಟಗೆ ನಿಂತಿದ್ದರೆ ಆ ತುದಿಯದು ಒಂದು ಕಡೆ ವಾಲಿತ್ತು. ಕೆಲಸ ಮಾಡುವಾಗ ಶಾಫ್ಟನ್ನು ಸ್ಪ್ಲೈನಿನ ಹತ್ತಿರ ಎಳೆದು ಬೇರೆ ಮಾಡಿದ್ದಾರೆ, ಕೂಡಿಸುವಾಗ ಹಲ್ಲು ತಪ್ಪಿದೆ. ಬಿಚ್ಚುವ ಮುಂಚೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಸರಿ ಹಚ್ಚಿ ಕೂಡಿಸಿದೆವು, ಮುಕ್ಕಾಲು ನಡುಕ ಹೋಯಿತು. ಉಳಿದದ್ದು ಮೂತಿ ಬಾಗಿದ್ದರದು. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಇಳಿಜಾರಿನ ಪಚ್ಚರ ಇಟ್ಟರೆ ಅದೂ ಹೋಗುತ್ತದೆ.

ಸ್ಟೇರಿಂಗ್ ಸೊಟ್ಟ ನಿಂತದ್ದು ಚಿಕ್ಕ ಕೆಲಸ. ಸ್ಟೇರಿಂಗ್ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋದದ್ದರಿಂದ, ಅದರಿಂದ ಗಾಲಿಯ ಕಡೆ ಹೋಗುವ ರಾಡ್, ಡ್ರ್ಯಾಗ್ ಲಿಂಕ್, ಇಳಿಜಾರಾಗಿದೆ. ಅದರ ಉದ್ದ ಹೊಂದಿಸಿದರೆ ಚಕ್ರ ನೇರವಾಗುತ್ತದೆ. ಹಂಪ್ ಹಾರಿದಾಗ ಸ್ಟೇರಿಂಗ್ ತಾನೇ ಕೈ ಎಳೆಯುವುದು ಮಾತ್ರ ಅದರಿಂದ ಹೋಗುವುದಿಲ್ಲ, ಅದು ಇಳಿಜಾರಿನದೇ ಗುಣ.

ನನಗೆ ನಿಜವಾಗಿ ಹೆದರಿಕೆ ಇರುವುದು ಬ್ರೇಕಿನ ರಬ್ಬರ್ ಪೈಪಿನದು. ಗಾಡಿ ನೆಲದ ಮೇಲೆ ನಿಂತಾಗ ಅದು ಸಡಿಲಾಗಿಯೇ ಕಾಣುತ್ತದೆ. ಚಾಸಿಗೆ ಜ್ಯಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಗಾಲಿಗಳು ಪೂರ್ತಿ ಜೋತು ಬೀಳುವಂತೆ ಮಾಡಿ ನೋಡಬೇಕು. ಕಾಕಾನ ಗಾಡಿಯಲ್ಲಿ ಹಿಂದಿನ ಪೈಪು ತಂತಿಯಂತೆ ಬಿಗಿದು ನಿಂತಿತ್ತು. ಸಿಂಹಗಡದ ಆಚೆ ಯಾವುದೋ ಹಳ್ಳಕ್ಕೆ ಒಂದು ಗಾಲಿ ಇಳಿದರೆ ಕಿತ್ತು ಬರುವುದೇ. ಶಾಕ್ ಅಬ್ಸಾರ್ಬರನ್ನೂ ಆಗಲೇ ನೋಡಬೇಕು. ಹಳೆಯದು ಗಿಡ್ಡವಾಗಿ ಗಾಲಿಯ ಭಾರವೆಲ್ಲ ಅದಕ್ಕೇ ಜೋತುಬಿದ್ದರೆ ಅದು ಬಹಳ ದಿನ ಬಾಳುವುದಿಲ್ಲ.

“ಗಾಡಿ ಗಡುಸಾಗೇತಿ ಅಂತ ನಿನ್ನ ಕಾಕು ಕೂಡವಲ್ಲಳು,” ಅಂದರು ಕಾಕಾ. ಅದಕ್ಕೂ ಕಾರಣ ಇದೆ. ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಜ್ಯಾಕ್ ಮೇಲಿದ್ದಾಗಲೇ ಪೂರ್ತಿ ಬಿಗಿದರೆ ರಬ್ಬರ್ ಬುಶ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ, ಕೆಳಗಿಳಿಸಿದಾಗ ತಿರುಚಿಕೊಂಡು ನರಳುತ್ತದೆ. ಗಾಡಿ ತನ್ನ ಭಾರದ ಮೇಲೆ ನಿಂತಾಗ ಸಡಿಲಿಸಿ ಮತ್ತೆ ಬಿಗಿಯಬೇಕು. ಯು-ಬೋಲ್ಟುಗಳನ್ನಂತೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಹೆಚ್ಚಿಗೆ ಸೇರಿಸಿದ ಪ್ಲೇಟಂತೂ ನನಗೆ ಮೊದಲಿನಿಂದ ಒಪ್ಪಿಗೆಯಿಲ್ಲ. ಕೊಡಚಾದ್ರಿ ಹತ್ತುವ ಜೀಪುಗಳಿಗೆ ಗಡುಸು ಸ್ಪ್ರಿಂಗ್ ಬೇಕು, ಅವು ಮಂದಿಯನ್ನು ತುಂಬಿಕೊಂಡು ಆ ಕಲ್ಲುಹಾದಿ ಏರುತ್ತವೆ. ಕಾಕಾನ ಗಾಡಿಯಲ್ಲಿ ಕೂಡುವವರು ಇಬ್ಬರು.

ಇನ್ನೊಂದು ಮಾತು ಕಾಕಾಗೆ ಹಿಡಿಸಲಿಲ್ಲ. ಸ್ಪ್ರಿಂಗ್ ಎತ್ತರಿಸಿದ್ದರಿಂದ ಹೌಸಿಂಗಿನ ಕೆಳಗಿನ ಜಾಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಆಕ್ಸಲ್ ಕೂತಿರುವುದು ಗಾಲಿಯ ಮೇಲೆ, ದೊಡ್ಡ ಟಯರ್ ಹಾಕಿದರೆ ಮಾತ್ರ ಅದು ಏಳುತ್ತದೆ. ಹೊಟ್ಟೆ ಕಲ್ಲಿಗೆ ತಾಗುವುದು ತಪ್ಪುತ್ತದೆ, ದಿಬ್ಬ ಹತ್ತುವಾಗ ಬಂಪರ್ ಉಳಿಯುತ್ತದೆ, ಅಷ್ಟೇ ಲಾಭ.

ಕಾಯ್ದೆಯ ಪ್ರಶ್ನೆಯೂ ಇದೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಪಾಸಿಂಗಿಗೆ ಹೋಗಬೇಕು. ಹಾಗಾಗಿ ಹಳೇ ಶ್ಯಾಕಲ್ಲುಗಳನ್ನು ಗುಜರಿಗೆ ಹಾಕಬೇಡಿ ಎಂದೆ.

ಕಾಕಾ ಬಹಳ ಹೊತ್ತು ಜಿಪ್ಸಿ ಕಡೆ ನೋಡಿದರು. “ಪ್ಲೇಟ್ ತಗಸ್ತೀನಿ. ಶ್ಯಾಕಲ್ ವಿಚಾರ ಆಮ್ಯಾಲೆ ನೋಡೂಣು. ಬ್ರೇಕಿನ ಪೈಪ್ ಎಲ್ಲಿ ಸಿಗತೈತಿ ಹೇಳು.”

“ನಾನಾ ಪೇಟೆಗೆ ಹೋಗೂಣ ಕಾಕಾ. ಹಳೇದು ಬಿಚ್ಚಿ ಸಂಗಾಟ ತಗೋರಿ, ಎರಡೂ ತುದಿ ಕೂಡಿಸಿ ನೋಡಿ ತರೋಣು. ಅಲ್ಲೀಮಟ ಗಾಡಿ ತಗೀಬ್ಯಾಡ್ರಿ, ನನ್ನ ಸ್ಕೂಟರಿನ ಮ್ಯಾಲೆ ಹೋಗೂಣು.”